ಬ್ಲಾಕ್ ಮಾಡಿದ ನಂಬರು

ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಆದರೂ ಬೀದಿಯವರೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರದು ಮೊಬೈಲ್ ರಿಪೇರಿ ಅಂಗಡಿ. ಔಷಧಿ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡ, ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕಾದ ಜಾಗ. ಒಡೆದ ಗಾಜು ಬದಲಾಯಿಸಿಕೊಳ್ಳಲು ಬಂದವರು ಹೊಸ ಗಾಜಿನ ಜೊತೆ ಒಂದು ಉಪನ್ಯಾಸವನ್ನೂ ಹೊತ್ತುಕೊಂಡೇ ಹೋಗಬೇಕಿತ್ತು. ಬೆರಳಚ್ಚಿನಿಂದ ಫೋನ್ ತೆರೆಯುವವರನ್ನು ಕಂಡರೆ ಮೇಷ್ಟ್ರಿಗೆ ಮೈಯೆಲ್ಲ ಉರಿ. ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು, ಬೆರಳು ಎಲ್ಲಿಂದ ತರುತ್ತೀರಿ ಎಂದು ಕೇಳುವರು. ಬಸ್ ನಿಲ್ದಾಣದಲ್ಲಿ ಪುಕ್ಕಟೆ ಚಾರ್ಜು ಸಿಗುತ್ತದೆಂದು ಕಂಡಕಂಡ ಕೇಬಲ್ಲಿಗೆ ಫೋನ್ ಸಿಕ್ಕಿಸುವವರಿಗಂತೂ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವರು. ಹೇಳಿದ್ದು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ಕಷ್ಟವಿದ್ದದ್ದೇ ಅದರಲ್ಲಿ. ಸದಾ ಸರಿಯಾಗಿರುವ ಮನುಷ್ಯನನ್ನು ಯಾರು ಎಷ್ಟು ಹೊತ್ತು ಸಹಿಸಿಕೊಂಡಾರು?

ಅವರ ಮಾತಿಗೆ ಸೊಪ್ಪು ಹಾಕದವರು ಒಬ್ಬರೇ, ಅಕ್ಕನ ಗಂಡ. ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲೆ ಕೆಲಸ, ಹೊಸ ಸಾಮಾನು ಕಂಡರೆ ಮಕ್ಕಳ ಹಾಗೆ ಹಿಗ್ಗುವ ಜೀವ. ವೈರ್ ಇಲ್ಲದೆ ಚಾರ್ಜ್ ಆಗುವ ಒಂದು ತಟ್ಟೆ ತಂದು ಹಾಸಿಗೆಯ ಪಕ್ಕ ಇಟ್ಟುಕೊಂಡಾಗ ಮೇಷ್ಟ್ರು ಮನೆಗೇ ಹೋಗಿ ಪಾಠ ಒಪ್ಪಿಸಿದರು. ತಟ್ಟೆಯೊಳಗೊಂದು ತಂತಿಯ ಸುರುಳಿ, ಫೋನಿನ ಬೆನ್ನಲ್ಲಿ ಇನ್ನೊಂದು. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತರೆ ಮಾತ್ರ ಕರೆಂಟು ದಾಟುತ್ತದೆ, ಬೆರಳಗಲ ಜರುಗಿದರೂ ಬರೀ ಬಿಸಿ, ಆ ಬಿಸಿಯೇ ಬ್ಯಾಟರಿಗೆ ಶತ್ರು. ಭಾವ ಎಲ್ಲವನ್ನೂ ಕೇಳಿ, ಲೋಟ ಇಟ್ಟ ಹಾಗೆ ಇಟ್ಟು ಲೋಟ ಎತ್ತಿದ ಹಾಗೆ ಎತ್ತಿಕೊಳ್ಳುವ ಸುಖದ ಮೇಲೂ ನಿನಗೆ ಹೊಟ್ಟೆಕಿಚ್ಚೇನಯ್ಯ ಎಂದು ನಕ್ಕರು. ಆಮೇಲೆ ಎರಡು ಮೂರು ಸಲ ಆ ಫೋನು ನಡುಹಗಲಲ್ಲೇ ಸತ್ತು ಬಿದ್ದಿತ್ತು. ಪ್ರತಿ ಸಲವೂ ಮೇಷ್ಟ್ರಿಗೆ ಒಳಗೊಳಗೇ ಖುಷಿ.

ಅಕ್ಕ ಮಾತ್ರ ತಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವವಳು. ಅಮ್ಮ ಬೇಗ ಹೋದ ಮೇಲೆ ಅವರನ್ನು ಎತ್ತಿ ಆಡಿಸಿದವಳೇ ಅವಳು. ಈಗ ಆ ತಮ್ಮನಿಂದಲೇ ಬುದ್ಧಿ ಹೇಳಿಸಿಕೊಳ್ಳುವುದೆಂದರೆ ಅವಳಿಗೆ ಹೆಮ್ಮೆ. ಮೇಷ್ಟ್ರು ಅವಳಿಗೆ ಕಲಿಸಿದ ಪಾಠ ಇಷ್ಟೇ: ಗಾಬರಿ ಹುಟ್ಟಿಸುವ ಕರೆ ಕಳ್ಳರದ್ದು. ನಿಮ್ಮವರಿಗೆ ಹೀಗಾಗಿದೆ, ತಕ್ಷಣ ಬನ್ನಿ ಅಂದರೆ ಮಾತು ಬೆಳೆಸಬೇಡ, ಕತ್ತರಿಸು. ಮತ್ತೆ ಬಂದರೆ ಬ್ಲಾಕ್ ಮಾಡು. ನಿನ್ನವರ ನಂಬರಿಗೆ ನೀನೇ ಮಾಡಿ ವಿಚಾರಿಸು. ಬಾಯಲ್ಲಿ ಹೇಳಿ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಮೇಷ್ಟ್ರು ಪರೀಕ್ಷೆ ಬೇರೆ ಇಟ್ಟರು. ಪಕ್ಕದ ಟೈಲರ್ ಕೈಲಿ ಆಸ್ಪತ್ರೆಯವನ ದನಿಯಲ್ಲಿ ಅವಳಿಗೆ ಫೋನ್ ಮಾಡಿಸಿದರು. ಮೊದಲ ಸಲ ಪಾಪ ಅವಳು ಅತ್ತುಕೊಂಡು ಬರಿಗಾಲಲ್ಲಿ ಬೀದಿಗೆ ಓಡಿಬಂದಳು, ಚೆನ್ನಾಗಿ ಬೈಸಿಕೊಂಡಳು. ಎರಡನೆಯ ಸಲ ಟೈಲರ್ ಬಾಯಿ ತೆರೆಯುವಷ್ಟರಲ್ಲಿ ಕತ್ತರಿಸಿದಳು. ಅಂಗಡಿಯಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಹಾಗಾಗಿ ಆವತ್ತು ಬೆಳಿಗ್ಗೆ, ಗಂಡ ಕೆಲಸಕ್ಕೆ ಹೊರಟು ಗಂಟೆಯೊಂದು ಕಳೆದ ಮೇಲೆ, ಗೊತ್ತಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿ ನಿಮ್ಮ ಯಜಮಾನರಿಗೆ ಎದೆನೋವು, ಬೇಗ ಬನ್ನಿ ಎಂದಾಗ ಅಕ್ಕ ಗಾಬರಿಯಾಗಲಿಲ್ಲ. ಕತ್ತರಿಸಿದಳು. ಮತ್ತೆ ಬಂತು, ಬ್ಲಾಕ್ ಮಾಡಿದಳು. ಕಲಿಸಿದ್ದ ಹಾಗೆಯೇ ಗಂಡನ ನಂಬರಿಗೆ ಮಾಡಿದಳು. ಆಮೇಲೆ ತಮ್ಮನಿಗೆ ಮಾಡಿ ನಡೆದದ್ದೆಲ್ಲ ಹೇಳಿದಳು.

"ಅವರ ಫೋನು ಸ್ವಿಚ್ ಆಫ್ ಅಂತ ಬರ್ತಿದೆ. ಸ್ವಲ್ಪ ವಿಚಾರಿಸ್ತೀಯಾ?"

"ಇನ್ನೇನು ಬರುತ್ತೆ ಅಕ್ಕ? ರಾತ್ರಿ ಆ ತಟ್ಟೆ ಮೇಲೆ ಸೊಟ್ಟಗೆ ಇಟ್ಟು ಮಲಗಿರ್ತಾರೆ. ಸಂಜೆ ನಾನೇ ಬಂದು ಅವರ ಹತ್ರ ಮಾತಾಡ್ತೀನಿ. ನೀನು ಸರಿಯಾಗೇ ಮಾಡಿದೀಯ."

ಮುದ್ರಣಾಲಯದ ನಂಬರು ಮೇಷ್ಟ್ರ ಬಳಿ ಇತ್ತು. ಒಂದು ಕರೆ ಮಾಡಿದ್ದರೆ ಭಾವ ಕೆಲಸಕ್ಕೇ ಬಂದಿಲ್ಲವೆಂದು ತಿಳಿಯುತ್ತಿತ್ತು. ಮಾಡಲಿಲ್ಲ. ಭಾವನನ್ನು ಹೇಗೆ ಹಂಗಿಸಬೇಕು ಎಂಬುದರಲ್ಲೇ ಅವರ ಮನಸ್ಸು ಮುಳುಗಿತ್ತು. ಅದಕ್ಕೆ ಅವರನ್ನು ಕ್ಷಮಿಸಲು ಈ ಕಥೆ ಹೇಳುತ್ತಿರುವ ನನ್ನಿಂದ ಇವತ್ತಿಗೂ ಆಗಿಲ್ಲ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅವರಿಗೆ ಒಂದು ಚಟವಿತ್ತು: ಕಳ್ಳರಿಗೆ ತಾವೇ ಫೋನ್ ಮಾಡಿ ಸತಾಯಿಸುವುದು. ಅಕ್ಕನಿಂದ ಆ ನಂಬರು ತರಿಸಿಕೊಂಡರು. ಟೈಲರನ್ನು ಕರೆದು, ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು, ಏನಮ್ಮ ಇವತ್ತು ಎಷ್ಟು ಜನರನ್ನ ಸಾಯಿಸಿದೆ ಎಂದು ಕೇಳಿದರು.

ಆ ಕಡೆಯಿಂದ ಹೆಂಗಸಿನ ದನಿ ಮೆಲ್ಲಗೆ, "ನೀವು ಆ ಎದೆನೋವಿನವರ ಕಡೆಯವರಾ?" ಎಂದಿತು. "ನಾನು ದೊಡ್ಡಾಸ್ಪತ್ರೆ ನರ್ಸು. ಬೆಳಿಗ್ಗೆಯಿಂದ ಪ್ರಯತ್ನ ಪಡ್ತಾನೇ ಇದ್ದೆ. ಈಗ ಸ್ವಲ್ಪ ಮುಂಚೆ ಹೋಗ್ಬಿಟ್ರು."

ಅಕ್ಕನನ್ನು ಕರೆತರಲು ಟೈಲರನ್ನು ಅಟ್ಟಿ, ಅಂಗಡಿಯ ಬಾಗಿಲೂ ಎಳೆಯದೆ ಮೇಷ್ಟ್ರು ಆಸ್ಪತ್ರೆಗೆ ಓಡಿದರು. ಭಾವ ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದಿದ್ದರು, ಯಾರೋ ದಾರಿಹೋಕರು ತಂದು ಸೇರಿಸಿದ್ದರು. ಚೀಲದಲ್ಲಿದ್ದ ಫೋನು ನಿಜಕ್ಕೂ ಚಾರ್ಜಿಲ್ಲದೆ ಸತ್ತಿತ್ತು. ತಟ್ಟೆಯ ವಿಷಯದಲ್ಲಿ ಮೇಷ್ಟ್ರು ಹೇಳಿದ್ದು ಈ ಸಲವೂ ಸರಿಯೇ. ನರ್ಸ್ ತನ್ನ ಸ್ವಂತ ಫೋನಿನಿಂದಲೇ ಕರೆ ಮಾಡಿದ್ದಳು. ಅವಳು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು, ಬೈಯಲಿಲ್ಲ. ನೋವಿನಲ್ಲೂ ಭಾವ ಹೆಂಡತಿಯ ನಂಬರನ್ನು ಒಂದೊಂದೇ ಅಂಕಿ ನೆನಪು ಮಾಡಿಕೊಂಡು ಹೇಳಿದರೆಂದಳು. ತಾನು ಮಂಚದ ಹತ್ತಿರ ಸುಳಿದಾಗಲೆಲ್ಲ ಅವಳು ಬಂದಳಾ ಎಂದು ಕೇಳುತ್ತಿದ್ದರಂತೆ. ಕೊನೆಗೆ ಇವಳೇ ಮನಸ್ಸು ತಡೆಯದೆ, ಹೊರಟಿದ್ದಾರಂತೆ, ದಾರಿಯಲ್ಲಿದ್ದಾರೆ ಎಂದು ಸುಳ್ಳು ಹೇಳಿದ್ದಳು. ಮೇಷ್ಟ್ರು ಅಷ್ಟನ್ನೂ ಕೇಳಿಸಿಕೊಂಡರು.

ಅಕ್ಕ ಬರುವುದು ತಡವಾಯಿತು. ಟೈಲರ್ ಬಾಗಿಲಲ್ಲಿ ನಿಂತು ಆಸ್ಪತ್ರೆ ಅಂದಾಗ, ಇದೂ ತಮ್ಮನ ಪರೀಕ್ಷೆಯೇ ಅಂದುಕೊಂಡು ಅವಳು ಮೊದಲು ನಕ್ಕಳಂತೆ. ಅವನ ಕಣ್ಣಲ್ಲಿ ನೀರು ಕಂಡ ಮೇಲೆಯೇ ಚಪ್ಪಲಿ ಮೆಟ್ಟಿದ್ದು.

ಗಂಡನ ಮುಖ ನೋಡಿ ಹೊರಬಂದವಳು ವರಾಂಡದ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಮೇಷ್ಟ್ರು ಕೂತರು. ತಪ್ಪೆಲ್ಲ ನನ್ನದೇ ಎಂದು ಹೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು.

"ನನ್ನನ್ನ ಕೇಳಿದ್ರಂತಾ?"

ಹೌದು ಅಂದರೆ ಈ ಹೆಂಗಸು ಉಳಿದ ಆಯುಷ್ಯವನ್ನೆಲ್ಲ ಆ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಸವೆಸಬೇಕು. ಎಲ್ಲದರ ಮೇಲೂ ಖಡಾಖಂಡಿತ ಅಭಿಪ್ರಾಯವಿದ್ದ ಮೇಷ್ಟ್ರು ಅಕ್ಕನಿಗೆ ತಮ್ಮ ಬಾಯಿಂದ ಯಾವತ್ತೂ ಸುಳ್ಳು ಹೇಳಿದವರಲ್ಲ.

"ಇಲ್ಲ ಅಕ್ಕ. ಬಿದ್ದಾಗಿಂದ ಪ್ರಜ್ಞೆಯೇ ಇರ್ಲಿಲ್ಲವಂತೆ. ಒಂದು ಮಾತೂ ಆಡಿಲ್ಲ."

ಅವಳು ತಲೆಯಾಡಿಸಿದಳು. ಬಿಗಿಹಿಡಿದಿದ್ದ ಭುಜ ಸ್ವಲ್ಪ ಸಡಿಲಾಯಿತು. ಸದ್ಯ, ನಂಬಿದಳು ಅಂದುಕೊಂಡು ಮೇಷ್ಟ್ರು ಉಸಿರು ಬಿಟ್ಟರು. ಅವಳು ಗಂಡನ ಚೀಲ ಬಿಚ್ಚಿ ಫೋನ್ ಹೊರತೆಗೆದಳು, ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಬೆಳಕು ಬರಲಿಲ್ಲ.

"ಬೆಳಿಗ್ಗೆಯಿಂದ ಇದು ಹೀಗೇ ಇತ್ತಾ?"

"ಹೂಂ."

ಅಕ್ಕ ಅವರ ಮುಖವನ್ನೇ ನೋಡಿದಳು.

"ಹಾಗಾದ್ರೆ ಆ ನರ್ಸಿಗೆ ನನ್ನ ನಂಬರು ಯಾರು ಹೇಳಿದ್ರು?"