ಯಾರನ್ನೂ ನಂಬದ ತ್ಯಾಂಪಣ್ಣ ನಂಬಿದ್ದ ಹಲಸಿನ ತುಂಡು

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಡಬದ ಕಡೆಯ ಸವಣೂರು ಪೇಟೆಯಿಂದ ತುಸು ಒಳಗಿರುವ ಮರದ ಕೆತ್ತನೆಯ ಶೆಡ್ಡಿನ ಬೀಗಕ್ಕೆ ಕೀಲಿಕೈ ಹಾಕುವ ಮೊದಲು ತ್ಯಾಂಪಣ್ಣ ಅದನ್ನೊಮ್ಮೆ ಜಗ್ಗಿ ನೋಡುತ್ತಾರೆ. ನಿನ್ನೆ ಸರಿಯಾಗಿ ಬಿದ್ದಿತ್ತೋ ಇಲ್ಲವೋ, ಯಾರಿಗೆ ಗೊತ್ತು! ಪತ್ರಿಕೆಯಿಂದ ಬಂದವರ ಗುರುತಿನ ಚೀಟಿಯನ್ನೂ ಹಿಂದೆ ಮುಂದೆ ತಿರುಗಿಸಿ, "ಫೋಟೋ ನಿಮ್ಮದೇ ಅಲ್ವಾ?" ಎಂದು ಕೇಳುತ್ತಾರೆ. ಕೇಳಿದ್ದು ತಮಾಷೆಗಲ್ಲ.

ಒಳಗಿರುವುದು ಮರ ಕೆತ್ತುವ ಕಂಪ್ಯೂಟರ್ ಮೆಷಿನ್. ಅದರ ತಲೆ ಎಲ್ಲ ಕಡೆಗೂ ವಾಲುತ್ತದೆ, ತಿರುಗುತ್ತದೆ. ತಲೆಯ ತುದಿಗೆ ಸಿಕ್ಕಿಸುವ ಬಿಟ್ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು ತಿರುಗಿ ಮರ ಕೊರೆಯುತ್ತದೆ. ತ್ಯಾಂಪಣ್ಣ ಮೇಜಿನ ಮೇಲೆ ಉಕ್ಕಿನ ಬಿಲ್ಲೆಯೊಂದನ್ನಿಟ್ಟು, ಅದರ ಮೇಲೆ ಬೆಳಗ್ಗಿನ ಬಸ್ಸಿನ ಟಿಕೆಟ್ ಇಟ್ಟು, ಬಿಟ್ಟನ್ನು ಕೂದಲೆಳೆಯಷ್ಟೇ ಇಳಿಸುತ್ತಾ ಟಿಕೆಟನ್ನು ಎಳೆದು ನೋಡುತ್ತಾರೆ. ಟಿಕೆಟ್ ಸಣ್ಣಗೆ ಸಿಕ್ಕಿಕೊಂಡ ಕೂಡಲೇ ನಿಲ್ಲಿಸಿ, ಪರದೆ ತೋರಿಸುವ ಎತ್ತರದಿಂದ ಬಿಲ್ಲೆಯ ಎತ್ತರವನ್ನೂ ಟಿಕೆಟಿನ ದಪ್ಪವನ್ನೂ ಕಳೆದು, ಬಿಟ್ಟಿನ ಉದ್ದವನ್ನು ಚೀಟಿಯಲ್ಲಿ ಬರೆಯುತ್ತಾರೆ: 92.64. ಆಮೇಲಷ್ಟೇ ಡಬ್ಬಿಯಲ್ಲಿ ಮಡಚಿಟ್ಟಿದ್ದ ಇನ್ನೊಂದು ಚೀಟಿ ಬಿಡಿಸುತ್ತಾರೆ. ನಿನ್ನೆ ಸಂಜೆ ಅದೇ ಬಿಟ್ಟನ್ನು ಅಳೆದು ಶಮೀನಾ ಬರೆದಿಟ್ಟದ್ದು: 92.66.

"ಸರಿ ಉಂಟು," ಎನ್ನುತ್ತಾರೆ. ಮುಖ ಮಾತ್ರ ಸರಿ ಇಲ್ಲವೇನೋ ಎಂಬಂತಿದೆ.

ಈ ಉದ್ದಕ್ಕೆ ಯಾಕಿಷ್ಟು ರಂಪ? ತ್ಯಾಂಪಣ್ಣ ತಮ್ಮ ಕೈಯನ್ನೇ ಚಾಚಿ ತೋರಿಸುತ್ತಾರೆ. "ಈ ಮೊಣಕೈ ಉಂಟಲ್ಲ, ಅದು ಮೆಷಿನ್ನಿನ ತಲೆ ತಿರುಗುವ ಜಾಗ. ಈ ಬೆರಳು ಬಿಟ್. ಬೆರಳಿನ ತುದಿ ಎಲ್ಲಿ ಉಂಟು ಅಂತ ಮೆಷಿನ್ನಿಗೆ ಕಾಣುದಿಲ್ಲ ಮಾರಾಯ್ರೆ. ನಾವು ಹೇಳಿದ ಉದ್ದ ಸೇರಿಸಿ ಲೆಕ್ಕ ಹಾಕುದು ಅಷ್ಟೆ. ಕೈ ನೇರ ಕೆಳಗೆ ಇದ್ರೆ ಉದ್ದ ತಪ್ಪಿದ್ದು ಗೊತ್ತೇ ಆಗುದಿಲ್ಲ. ಯಾಕೆ ಹೇಳಿ? ಅದೇ ಬಿಟ್ಟನ್ನು ಹಲಗೆಗೆ ತಾಗಿಸಿ, ಇಲ್ಲಿಂದ ಅಳತೆ ಶುರು ಅಂತ ಸೊನ್ನೆ ಇಡ್ತೇವಲ್ಲ, ಒಂದು ತಪ್ಪು ಇನ್ನೊಂದನ್ನು ಮುಚ್ಚಿ ಹಾಕ್ತದೆ. ಕೈ ಓರೆ ಮಾಡಿದ ಕೂಡ್ಲೆ ತುದಿ ಪಕ್ಕಕ್ಕೆ ಹೋಗ್ತದೆ. ಆವಾಗ ಕಳ್ಳ ಸಿಕ್ಕಿಬೀಳುದು."

ಐವತ್ತೇಳು ವರ್ಷದ ಈ ಮನುಷ್ಯ ಉಳಿ ಹಿಡಿದದ್ದು ಹದಿನೇಳಕ್ಕೆ. ಸುಳ್ಯದಿಂದ ಕಡಬದವರೆಗೆ ಎಷ್ಟು ಮನೆಗಳಿಗೆ ಬಾಗಿಲು ಮಾಡಿದ್ದಾರೋ ಅವರಿಗೇ ನೆನಪಿಲ್ಲ. ರೆಡಿಮೇಡ್ ಬಾಗಿಲುಗಳು ಬಂದವು, ಕೆಲಸ ಕಡಿಮೆಯಾಯಿತು, ಬಲ ಹೆಗಲು ನೋವಿಗೆ ಬಿತ್ತು. ಐದು ವರ್ಷದ ಹಿಂದೆ ಶೆಡ್ಡಿನ ಮಾಲಿಕ ವಿಷ್ಣುಪ್ರಸಾದ್ ಈ ಮೆಷಿನ್ ತರಿಸಿದಾಗ ಜೊತೆಗಿದ್ದ ಹಳಬರೆಲ್ಲ ಬೇರೆ ದಾರಿ ನೋಡಿಕೊಂಡರು. ತ್ಯಾಂಪಣ್ಣ ಉಳಿದರು. ಮೆಷಿನ್ ಎಲ್ಲಿ ಸುಳ್ಳು ಹೇಳುತ್ತದೆ ಎಂದು ಕಂಡುಹಿಡಿಯಲೇಬೇಕಿತ್ತಂತೆ! ಪರದೆಯ ಇಂಗ್ಲಿಷ್ ಅಕ್ಷರಗಳನ್ನು ನೋಟ್‌ಬುಕ್ಕಿಗೆ ಚಿತ್ರದ ಹಾಗೆ ಬರೆದುಕೊಂಡು ಆರು ತಿಂಗಳಲ್ಲಿ ಕಲಿತರು. ಈಗ ಇಪ್ಪತ್ತೆರಡು ಬಿಟ್‌ಗಳು ಅವರ ಸುಪರ್ದಿಯಲ್ಲಿವೆ. ದಿನಕ್ಕೆ ಹತ್ತು ಹನ್ನೆರಡು ಸಲ ಬದಲಾವಣೆ, ಪ್ರತಿ ಸಲವೂ ಹೊಸದಾಗಿ ಅಳತೆ. ಮಧ್ಯಾಹ್ನ ಎರಡಕ್ಕೆ ಶಮೀನಾ ಬರುತ್ತಾಳೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ ಕಳೆದ ವರ್ಷ ಸೇರಿದವಳು, ಸಂಜೆಯ ಪಾಳಿ ಅವಳದು.

ಅವಳ ಮೇಲೇ ಕಳೆದ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ತ್ಯಾಂಪಣ್ಣನವರ ಕಣ್ಣು ಬಿತ್ತು.

ಗುಂಡ್ಯದಲ್ಲಿ ಚಾದ ಹೋಟೆಲು ನಡೆಸುವ ಅಕ್ಕು ಎಂಬವರು ಹಲಸಿನ ಹಲಗೆಯೊಂದನ್ನು ಜೀಪಿನಲ್ಲಿ ಹಾಕಿಸಿಕೊಂಡು ಬಂದಿದ್ದರು. ಹೋಟೆಲಿನ ಪಕ್ಕದಲ್ಲಿದ್ದ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಒಳಗೆಲ್ಲ ಟೊಳ್ಳು, ಬಾಗಿಲಿಗೆ ಆಗುವಂಥದ್ದು ಸಿಕ್ಕಿದ್ದು ಈ ಒಂದೇ ಹಲಗೆ. "ಇದರಲ್ಲಿ ಹಲಸಿನ ಎಲೆ ಬರ್ಬೇಕು, ಗಾಳಿಗೆ ಏಳ್ತದೋ ಎಂತದೋ ಅನ್ನಿಸ್ಬೇಕು. ಹಾಳು ಮಾಡಿದ್ರೆ ನಂಗೆ ಬೇರೆ ಮರ ಇಲ್ಲ," ಎಂದು ಅಕ್ಕು ಹೇಳಿಹೋದರು. ಎಲೆ ಏಳಬೇಕಾದರೆ ಅದರ ಅಡಿಯನ್ನು ತಲೆ ಓರೆ ಮಾಡಿಯೇ ಕೊರೆಯಬೇಕು.

ಆ ವಾರವೇ ಶುರುವಾಯಿತು ನೋಡಿ. ತ್ಯಾಂಪಣ್ಣ ಬೆಳಗ್ಗೆ ನಾಲ್ಕನೇ ಬಿಟ್ಟಿನ ಉದ್ದ 93.5 ಎಂದು ಒತ್ತಿ ಹೋದರೆ, ಮರುದಿನ ಪರದೆಯಲ್ಲಿ 92.6. ಇವರು ಪುನಃ ಅಳೆದರು, 93.5. ಮರುದಿನ ಮತ್ತೆ 92.6. ಒಂಬತ್ತು ಪಾಯಿಂಟ್ ವ್ಯತ್ಯಾಸ, ಹತ್ತಿರ ಹತ್ತಿರ ಒಂದು ಮಿಲಿಮೀಟರ್! ಬಾಯಿಬಿಟ್ಟು ಕೇಳಿದರೆ ಆಗುತ್ತಿತ್ತು. ಕೇಳುವ ಜಾತಿಯೇ ಅಲ್ಲ ಇದು. ಕೀಲಿಮಣೆಗೆ ಟೇಪು ಅಂಟಿಸಿದರು, ಗೋಡೆಯಲ್ಲಿ ಸೀಮೆಸುಣ್ಣದಿಂದ ಸಂಖ್ಯೆ ಬರೆದಿಟ್ಟರು, ಒಂದು ದಿನ ಟಿಫಿನ್ ಡಬ್ಬಿ ಮರೆತ ನೆಪದಲ್ಲಿ ಸಂಜೆ ವಾಪಸು ಬಂದು ಕಿಟಕಿಯಲ್ಲಿ ಇಣುಕಿದರು. ಶಮೀನಾ ಟೇಪು ಕಿತ್ತು, ನಿರಾಳವಾಗಿ ತನ್ನ ಸಂಖ್ಯೆ ಒತ್ತುತ್ತಿದ್ದಳು. ಹೊಸಬಳು ತನ್ನನ್ನು ಓಡಿಸಲು ಹೊರಟಿದ್ದಾಳೆ ಎಂದು ತ್ಯಾಂಪಣ್ಣನವರಿಗೆ ಖಾತ್ರಿಯಾಯಿತು.

"ಭಟ್ರೆ, ಇನ್ನು ಅವಳು ಇರ್ಬೇಕು, ಇಲ್ಲ ನಾನು," ಎಂದು ಮಾಲಿಕರ ಎದುರು ನಿಂತೇಬಿಟ್ಟರು.

ವಿಷ್ಣುಪ್ರಸಾದ್ ತಲೆ ಕೆರೆದುಕೊಂಡು, ನಾಳೆ ಬೆಳಗ್ಗೆಯೇ ಬಾ ಎಂದು ಶಮೀನಾಳಿಗೆ ಫೋನು ಮಾಡಿದರು. ಅವಳು ಬರುವಷ್ಟರಲ್ಲಿ ತ್ಯಾಂಪಣ್ಣ 93.5 ಒತ್ತಿ, ಅಕ್ಕುವಿನ ಹಲಗೆಯನ್ನು ಮೇಜಿಗೆ ಬಿಗಿದು, ನೇರ ಕೊರೆತ ಮುಗಿಸಿಯಾಗಿತ್ತು. ಒಂದು ಗೆರೆ ಆಚೀಚೆ ಇಲ್ಲ. "ಈಗ ನೋಡಿ ಭಟ್ರೆ, ಯಾರದು ಸರಿ!" ಎಂದು ಎದೆಯುಬ್ಬಿಸಿದರು. ತಲೆ ಓರೆಯಾಯಿತು, ಮೊದಲ ಎಲೆಯ ಅಡಿಗೆ ನುಗ್ಗಿತು. ಶಮೀನಾ ಚಪ್ಪಲಿಯನ್ನೂ ಬಿಡದೆ ಓಡಿಬಂದು, ಮೆಷಿನ್ ನಿಲ್ಲಿಸುವ ಕೆಂಪು ಗುಂಡಿ ಗುದ್ದಿದಳು.

ಎಲೆಯ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು.

"ಅಣ್ಣ, ನೀವು ಎಂತದ್ರ ಮೇಲೆ ಇಟ್ಟು ಅಳೆಯುದು?" ಎಂದು ಕೇಳಿದಳು. ತ್ಯಾಂಪಣ್ಣ ಚೀಲದಿಂದ ಹಲಸಿನ ತುಂಡೊಂದನ್ನು ತೆಗೆದರು. ಮೆಷಿನ್ ಬಂದ ವರ್ಷ ಮಾರ್ಚ್ ತಿಂಗಳಲ್ಲಿ ಸ್ವಂತ ಕೈಯಿಂದ ತೋಪಡ ಹೊಡೆದು ನುಣುಪು ಮಾಡಿ, ಸರಿಯಾಗಿ ನೂರು ಮಿಲಿಮೀಟರ್ ಎತ್ತರಕ್ಕೆ ಮಾಡಿಕೊಂಡದ್ದು. ಅಂಗಡಿಯಿಂದ ತಂದ ಉಕ್ಕಿನ ಬಿಲ್ಲೆಯ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ಶಮೀನಾ ಕ್ಯಾಲಿಪರ್ ಹಿಡಿದಳು. ನೂರು ಪಾಯಿಂಟ್ ಒಂಬತ್ತು.

ಮಳೆಗೆ ಮರ ಉಬ್ಬಿತ್ತು; ಉಬ್ಬಿದಷ್ಟೂ ಬಿಟ್ಟಿನ ಉದ್ದದ ಲೆಕ್ಕಕ್ಕೆ ಸೇರಿಹೋಗಿತ್ತು. ಪ್ರತಿ ಮಳೆಗಾಲ ಊರವರ ಬಿಗಿದ ಬಾಗಿಲುಗಳನ್ನು ಕೆರೆದು ಸಡಿಲ ಮಾಡಿಕೊಟ್ಟ ಮನುಷ್ಯ, ಬೀಗದಿಂದ ಹಿಡಿದು ಸಹೋದ್ಯೋಗಿಯವರೆಗೆ ಎಲ್ಲವನ್ನೂ ಶಂಕಿಸಿದ ಮನುಷ್ಯ, ಆ ತುಂಡಿಗೆ ಮಾತ್ರ ಮತ್ತೊಮ್ಮೆ ಅಳತೆ ಹಿಡಿದಿರಲಿಲ್ಲ. ಹಿಂದಿನ ಮಳೆಗಾಲಗಳಲ್ಲಿ ನೇರ ಕೆಲಸವೇ ಹೆಚ್ಚಿದ್ದರಿಂದ ತಪ್ಪು ಅಡಗಿ ಕೂತಿತ್ತು. "ಭೂಮಿ ಬಾಯಿ ಬಿಡ್ಬಾರ್ದಾ ಅನ್ನಿಸಿತು," ಎನ್ನುತ್ತಾರೆ ತ್ಯಾಂಪಣ್ಣ, ಈಗಲೂ ನೆಲ ನೋಡಿಕೊಂಡೇ.

ಶಮೀನಾ ಯಾಕೆ ಮೊದಲೇ ಹೇಳಲಿಲ್ಲ? ಅವಳು ನಗುತ್ತಾಳೆ. "ಅಣ್ಣನೇ ಬೇಕೂಂತ ನನ್ನ ನಂಬರ್ ಕೆಡಿಸ್ತಾರೆ ಅಂತ ನಂಗೂ ಡೌಟ್ ಇತ್ತು."

ಉಳಿದ ಎಲೆಗಳನ್ನು ಅಂದು ಅವಳ ಸಂಖ್ಯೆಯಲ್ಲೇ ಕೊರೆದರು. ಬಾಗಿಲು ಕೊಡುವ ದಿನ ತ್ಯಾಂಪಣ್ಣ ತಾವೇ ಗುಂಡ್ಯಕ್ಕೆ ಹೋಗಿ, ಕೆಟ್ಟ ಎಲೆಯನ್ನು ತೋರಿಸಿ, ತಪ್ಪು ತಮ್ಮದೆಂದರು. ಅಕ್ಕು ಆ ಮೆಟ್ಟಿಲಿನ ಮೇಲೆ ಬೆರಳಾಡಿಸಿ, "ನೀವು ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ನಾನು ಆ ಹುಡುಗಿದು ತಪ್ಪು ಅಂತ ಗ್ರಹಿಸ್ತಿದ್ದೆ," ಎಂದರು. ಆ ಮಾತು ಚುಚ್ಚಿದಷ್ಟು ಮತ್ತ್ಯಾವುದೂ ಚುಚ್ಚಲಿಲ್ಲವಂತೆ. ಚೀಟಿಯ ಪದ್ಧತಿ ಶುರುವಾದದ್ದು ಮರುದಿನದಿಂದ: ಒಬ್ಬರದನ್ನು ಇನ್ನೊಬ್ಬರು ನೋಡದೆ ಅಳೆಯಬೇಕು, ಎರಡೂ ಹೊಂದಿದರೆ ಮಾತ್ರ ತಲೆ ಓರೆ ಮಾಡಬೇಕು.

ಹಲಸಿನ ತುಂಡು ಇನ್ನೂ ಚೀಲದಲ್ಲಿದೆ. ದಿನಾ ಬೆಳಗ್ಗೆ ಅದನ್ನೂ ಅಳೆದು ಗೋಡೆಯಲ್ಲಿ ಬರೆಯುತ್ತಾರೆ. ಇವತ್ತು ನೂರು ಪಾಯಿಂಟ್ ನಾಲ್ಕು.

ಇನ್ನೆಷ್ಟು ವರ್ಷ ಕೆಲಸ, ಆಸೆ ಏನಾದರೂ ಉಂಟಾ ಎಂದು ಕೇಳಿದರೆ ತ್ಯಾಂಪಣ್ಣ ಸಂಜೆಯ ಪಾಳಿಗಾಗಿ ತಮ್ಮ ಚೀಟಿ ಮಡಚಿ, ಶಮೀನಾಳಿಗೆ ಕಾಣದಂತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.

"ಎಂತ ಆಸೆ ಮಾರಾಯ್ರೆ. ನಾನು ಈ ಶೆಡ್ಡಿನಿಂದ ಹೋಗುವ ದಿನದವರೆಗೂ ಅವಳು ನನ್ನ ಅಳತೆಯನ್ನು ನಂಬಬಾರ್ದು. ಅಷ್ಟೆ."