ಉತ್ತರಕ್ಕೆ ಕಾದಿದ್ದ ಬೀಗರ ಹಾಡು

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಹಸಿಶುಂಠಿ, ಕೊತ್ತಂಬರಿ ಜಜ್ಜುವ ವಾಸನೆ ಬಂತು. ಹೆಂಡತಿ ಮಠ್ಠಾ ಮಾಡುತ್ತಿದ್ದಳು. ಮಠ್ಠಾ ಅಂದರೆ ಮತ್ತೇನಲ್ಲ, ನಮ್ಮ ಮಜ್ಜಿಗೆಯೇ. ಪುಣೆಗೆ ಬಂದು ಸ್ವಲ್ಪ ಶೃಂಗಾರ ಮಾಡಿಕೊಂಡಿದೆ, ಅಷ್ಟೇ. ಜಿಲೇಬಿಯ ಜೊತೆ ಇದನ್ನು ಕುಡಿಯದೆ ಇಲ್ಲಿ ಯಾರ ಮದುವೆಯೂ ಪೂರ್ತಿಯಾಗುವುದಿಲ್ಲ. 'ಮಜ್ಜಿಗಿಗೆ ಇಷ್ಟ್ಯಾಕ ಸಡಗರ' ಎಂದು ಮೂಗು ಮುರಿಯುವ ನಮ್ಮ ಧಾರವಾಡದ ಹಿರಿಯರು ಮತ್ತೊಂದು ಲೋಟಕ್ಕೆ ಕೈ ಚಾಚುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಶಿವಾಜಿನಗರದ ಆ ಮಂಗಲ ಕಾರ್ಯಾಲಯ ಕಣ್ಣ ಮುಂದೆ ಬಂತು. ಹೋದ ತಿಂಗಳು ನನ್ನ ಮಗಳ ಮದುವೆ ಆದದ್ದು ಅಲ್ಲಿಯೇ.

ಮಗಳ ಮದುವೆಯಲ್ಲಿ ತಂದೆಗೆ ಏನು ಕೆಲಸ ಎಂದು ನೀವು ಕೇಳಬಹುದು. ನನಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಒಬ್ಬಾತ ಬಂದು ತಲೆಗೆ ಕೇಸರಿ ಫೇಟಾ ಸುತ್ತಿ ಹೋದ. ಅದನ್ನು ಎಷ್ಟು ಬಿಗಿಯಾಗಿ ಸುತ್ತಿದ್ದನೆಂದರೆ ನನ್ನ ಹುಬ್ಬುಗಳು ಮೇಲೇರಿ, ದಿನವಿಡೀ ಎಲ್ಲರನ್ನೂ ಆಶ್ಚರ್ಯದಿಂದ ನೋಡುವವನ ಹಾಗೆ ಕಂಡೆ. ಫೋಟೋಗಳಲ್ಲಿಯೂ ಹಾಗೆಯೇ ಬಂದಿದ್ದೇನೆ. ಬಂದವರಿಗೆ ಕೈ ಮುಗಿದೆ, 'ಊಟಾ ಮಾಡೇ ಹೋಗ್ರಿ' ಎಂದೆ, ಯಾರಿಗೂ ಅಡ್ಡ ಬರದಂತೆ ನಿಂತೆ. ಉಳಿದದ್ದೆಲ್ಲ ಹೆಂಗಸರು ನೋಡಿಕೊಂಡರು. ಅವರಲ್ಲಿ ಮುಂದಾಳು ಸುಮಿತ್ರಾ ಮೌಶಿ, ನನ್ನ ತಾಯಿಯ ತಂಗಿ.

ಮೌಶಿಯ ಹೆಸರು ಹೇಳಿದರೆ ನಮ್ಮ ಬಳಗದಲ್ಲಿ ಎಲ್ಲರಿಗೂ ನೆನಪಾಗುವುದು ಬೀಗರ ಹಾಡು. ಮದುವೆಯ ಮರುಗಳಿಗೆ ಎರಡೂ ಕಡೆಯವರು ಒಟ್ಟಿಗೆ ಕೂತು ಉಣ್ಣುವ ಭೂಮದೂಟ ಇದೆಯಲ್ಲ, ಅಲ್ಲಿ ಹೆಣ್ಣಿನವರು ಗಂಡಿನವರನ್ನು, ಗಂಡಿನವರು ಹೆಣ್ಣಿನವರನ್ನು ಹಾಡಿನಲ್ಲಿ ಹೀಗಳೆಯುತ್ತಾರೆ. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಹಾಡಿನಲ್ಲೇ ಉತ್ತರ ಕೊಡಬೇಕು. ಮೌಶಿ ಕೂತಲ್ಲೇ ಹಾಡು ಕಟ್ಟುತ್ತಿದ್ದಳು. ಅವಳದೊಂದು ಕಟ್ಟುನಿಟ್ಟು ಇತ್ತು. 'ಹಲ್ಲು ನೆಟ್ಟಗ ಇದ್ದಾಕಿಗೆ ಹಲ್ಲುಬ್ಬಿ ಅನಬೇಕು. ಖರೇನ ಹಲ್ಲುಬ್ಬಿ ಇದ್ದಾಕಿಗೆ ಆ ಮಾತ ಎತ್ತಬಾರದು. ಇದ್ದದ್ದನ್ನ ಹಾಡಿದ್ರ ಅದು ಹಾಡಲ್ಲ, ಬೈಗಳ' ಎನ್ನುತ್ತಿದ್ದಳು.

ಇಂಥ ಮೌಶಿಗೆ ಒಬ್ಬಳು ಜೀವದ ಗೆಳತಿ, ನಳಿನಿ. ಮೈಸೂರು ಕಡೆಯವರು. ಗಂಡನಿಗೆ ಊರಾಚೆಯ ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಅಲ್ಲಿಗೆ ಹೋಗುವ ಮೊದಲು ಪುಣೆಯಲ್ಲಿ ಇಬ್ಬರದೂ ಗೋಡೆಗೆ ಗೋಡೆ ಹತ್ತಿದ ಮನೆ. ಹೊರಗೆ ಇಬ್ಬರೂ ಮರಾಠಿ ಆಡಿ ಆಡಿ ದಣಿದು, ಮನೆಗೆ ಬಂದು ತಂತಮ್ಮ ಕನ್ನಡ ಬಿಚ್ಚುತ್ತಿದ್ದರು. ಹೋಳಿಗೆ ದೊಡ್ಡದೋ ಒಬ್ಬಟ್ಟು ದೊಡ್ಡದೋ ಎಂಬ ಅವರ ವಾದ ನನ್ನ ಇಡೀ ಹುಡುಗತನವನ್ನು ತುಂಬಿಕೊಂಡಿದೆ. ಎರಡೂ ಒಂದೇ ಎಂದು ಒಮ್ಮೆ ಹೇಳಿ ಇಬ್ಬರಿಂದಲೂ ಬೈಸಿಕೊಂಡಿದ್ದೆ. ಮುಂದೆ ಮೌಶಿಯ ಮಗಳು ವಿದ್ಯಾಳನ್ನು ನಳಿನಿಯವರ ಮಗನಿಗೇ ಕೊಟ್ಟರು. ಗೆಳತಿಯರು ಬೀಗಿತಿಯರಾದರು.

ಆ ಮದುವೆಯ ಭೂಮದಲ್ಲಿ ಮೌಶಿ ಗೆಳತಿಯ ಮೇಲೆ ಹೊಸ ಹಾಡು ಕಟ್ಟಿ ಹಾಡಿದಳು.

'ಕೆಲಸಕ್ಕ ಕರೆದರ ಕಿವುಡಿ ನಮ್ಮ ಬೀಗಿತಿ,
ಹೋಳಿಗಿ ಅಂದರ ಓಡಿ ಬರತಾಳ!'

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಳಿನಿಯವರೂ ನಕ್ಕರು, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ. ಅವರ ಕಡೆಯಿಂದ ಉತ್ತರದ ಹಾಡು ಬರಲೇ ಇಲ್ಲ. ಎಲೆಯಲ್ಲಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದರು.

ವಾರ ಕಳೆದ ಮೇಲೆ ತವರಿಗೆ ಬಂದ ವಿದ್ಯಾ ತಾಯಿಯ ಹತ್ತಿರ ಹೇಳಿದಳಂತೆ: 'ಅವ್ವಾ, ಅತ್ತಿಯವರಿಗೆ ಕಿವಿ ಖರೇನ ಮಂದ ಆಗ್ಯಾವ. ಯಾರಿಗೂ ಹೇಳಿಲ್ಲ, ಮುಚ್ಚಿ ಇಟ್ಕೊಂಡಾರ.' ಮೌಶಿ ಸುಳ್ಳೆಂದು ಹಾಡಿದ್ದು ಖರೆಯಾಗಿತ್ತು. ಕ್ಷಮೆ ಕೇಳೋಣವೆಂದರೆ ಆ ಮಾತನ್ನೇ ಮತ್ತೆ ಬಾಯಿಗೆ ತರಬೇಕು. 'ಒಮ್ಮೆ ಇರಿದದ್ದ ಸಾಲದೇನು, ಮತ್ತ ಇರೀಲೇನು' ಎಂದು ಅಳುತ್ತಿದ್ದಳು. ಆಮೇಲೆ ಆಕೆ ಯಾರ ಮದುವೆಯಲ್ಲೂ ಹಾಡಲಿಲ್ಲ. ಗೆಳತಿಯರು ಹಬ್ಬಕ್ಕೆ ಬಂದುಹೋಗುತ್ತಿದ್ದರು, ಆದರೆ 'ಏನೇ' ಹೋಗಿ 'ಆರಾಮ ಇದ್ದೀರೇನ್ರಿ' ಬಂದಿತ್ತು. ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಿ ಉಂಡವರು ಈಗ 'ಸ್ವಲ್ಪ ಸಾಕು' ಎನ್ನುತ್ತಿದ್ದರು. ವಿದ್ಯಾಳ ಮಗಳು ಬೆಳೆದು ಕಾಲೇಜು ಸೇರಿದಳು. ಅಜ್ಜಿಯರಿಬ್ಬರೂ ಹಾಗೆಯೇ ಉಳಿದರು. ನೋಡಲು ನನಗೆ ಭಾಳ ಸಂಕಟವಾಗುತ್ತಿತ್ತು.

ಈಗ ನನ್ನ ಮಗಳ ಭೂಮದೂಟಕ್ಕೆ ಬನ್ನಿ. ಪುಣೆಯ ಕಾರ್ಯಾಲಯದ ಶಿಸ್ತು ನಿಮಗೆ ಗೊತ್ತಿರಬಹುದು. ನೀವು ಮೊದಲ ತುತ್ತು ಎತ್ತುವಷ್ಟರಲ್ಲಿ ಮುಂದಿನ ಪಂಕ್ತಿಯವರು ನಿಮ್ಮ ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ. ಇಷ್ಟರ ನಡುವೆಯೂ ಗಂಡಿನ ಕಡೆಯವರು, ಬೆಳಗಾವಿಯ ಹೆಣ್ಣುಮಕ್ಕಳು, ಚಂದವಾಗಿ ಒಂದು ಹಾಡು ಎತ್ತಿ ನನ್ನ ಫೇಟಾವನ್ನು ಕುಂಬಳಕಾಯಿ ಎಂದರು. ಹಾಡಿ ಮುಗಿಸಿ ನಮ್ಮ ಕಡೆ ನೋಡಿದರು. ಉತ್ತರ ಕೊಡಬೇಕಾದವರು ನಾವು. ನಮ್ಮವರೆಲ್ಲ ಮೌಶಿಯನ್ನು ನೋಡಿದರು. ಮೌಶಿ ತಟ್ಟೆಯನ್ನು ನೋಡುತ್ತಿದ್ದಳು.

ಆಗ ಎದುರು ಸಾಲಿನಲ್ಲಿ ಕೂತಿದ್ದ ನಳಿನಿಯವರು ಕೂದಲು ಹಿಂದೆ ಸರಿಸಿದರು. ಕಿವಿಯಲ್ಲಿ ಸಣ್ಣದೊಂದು ಹೊಸ ಮಷಿನ್ ಇತ್ತು.

'ಹಾಡೇ ಸುಮಿತ್ರಾ' ಎಂದರು. 'ನನ್ನ ಮೇಲೆ ಅವತ್ತು ಹಾಡಿದ್ಯಲ್ಲ, ಅದನ್ನೇ ಹಾಡು.'

ಮೌಶಿ ತಲೆ ಎತ್ತಿದಳು. 'ಬ್ಯಾಡ ನಳಿನಿ. ಆ ಮಾತ ನಿನಗ ಎಷ್ಟ ನೋವ ಮಾಡೇದ ನನಗ ಗೊತ್ತದ.'

'ಯಾವ ಮಾತು? ನನಗೆ ಕೇಳಿಸಿದ್ರೆ ತಾನೆ ನೋವಾಗೋದು! ಎಲ್ಲರೂ ನನ್ನ ಮುಖ ನೋಡಿ ನಗ್ತಿದ್ದಾರೆ, ಯಾಕೆ ಅಂತ ನನಗೆ ಗೊತ್ತಿಲ್ಲ. ಪಕ್ಕದವಳನ್ನ ಕೇಳಿದ್ರೆ "ಆಮೇಲೆ ಹೇಳ್ತೀನಿ" ಅಂದ್ಲು. ನೀನಾದ್ರೂ ಬಂದು ಹೇಳ್ತೀಯ ಅಂತ ಎಷ್ಟು ಕಾದೆ. ನೀನು ಬರೋದು, ಕ್ಷೇಮ ಕೇಳೋದು, ಹೋಗೋದು. ಹಾಡು ಮಾತ್ರ ಹೇಳಲೇ ಇಲ್ಲ.'

ಮೌಶಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹಿಂದೆ ನಿಂತಿದ್ದ ಮುಂದಿನ ಪಂಕ್ತಿಯವರು ಕೂಡ ಕತ್ತು ಮುಂದೆ ಚಾಚಿದರು. ಅವಳು ಹಾಡುತ್ತಾಳೋ ಎದ್ದು ಹೋಗುತ್ತಾಳೋ ಎಂದು ನಾನು ಕಾದೆ. ಕಡೆಗೆ ಗಂಟಲು ಸರಿಮಾಡಿಕೊಂಡಳು. ದನಿ ನಡುಗಿತು, ಶ್ರುತಿ ಎಲ್ಲೋ ಹೋಯಿತು. ಆದರೂ ಒಂದು ಅಕ್ಷರ ಬಿಡದೆ, ಗೆಳತಿಯ ಕಣ್ಣಲ್ಲಿ ಕಣ್ಣಿಟ್ಟು, ಕಿವುಡಿ ಎಂಬಲ್ಲಿಯೂ ನಿಲ್ಲದೆ ಹಾಡಿದಳು. ಹಾಡಿದವಳ ಕೆನ್ನೆಯ ಮೇಲೆ ನೀರು.

ನಳಿನಿಯವರು ಪೂರ್ತಿ ಕೇಳಿದರು. ಆಮೇಲೆ ನಕ್ಕರು ನೋಡಿ, ಮೈಯೆಲ್ಲ ಕುಲುಕುವಂತೆ. ನಗು ನಿಲ್ಲುವ ಮೊದಲೇ ಎತ್ತಿದರು:

'ಒಬ್ಬಟ್ಟು ತಟ್ಟಿದಳು, ಹೂರಣವ ಮರೆತಳು,
ಬಾಯೊಂದೇ ಜೋರು ನಮ್ಮ ಬೀಗಿತ್ತಿಗೆ!'

'ಒಬ್ಬಟ್ಟಲ್ಲ, ಹೋಳಿಗಿ!' ಎಂದು ಮೌಶಿ ಕೂಗಿದಳು. ಹೊಸ ಬೀಗರು ತಮ್ಮ ಹಾಡಿಗೆ ಉತ್ತರ ಎಲ್ಲಿ ಎಂದು ಕಾಯುತ್ತ ಕೂತರು. ಅವರಿಗೆ ಅದು ಸಿಗಲೇ ಇಲ್ಲ, ಪಾಪ.

ಆ ಸಂಜೆ ಕಾರಿನಲ್ಲಿ ಮೌಶಿ ನನ್ನ ಪಕ್ಕ ಕೂತು ಮೆಲ್ಲಗೆ ಅಂದಳು: 'ಆಕಿ ಸಿಟ್ಟಾಗ್ಯಾಳ ಅಂತ ತಿಳಕೊಂಡಿದ್ದೆ. ಆಕಿ ನೋಡಿದ್ರ ನನ್ನ ದಾರಿ ಕಾಯಕೋತ ಕೂತಿದ್ಲು.'

ಈಗ ದಿನಾ ಇಬ್ಬರಿಗೂ ಫೋನು, ಹೊಸ ಹೊಸ ಹಾಡು. ನನ್ನಲ್ಲೂ ಒಂದು ಅಭ್ಯಾಸ ಹುಟ್ಟಿಕೊಂಡಿದೆ. ಮೊನ್ನೆ ಒಂದು ಗೃಹಪ್ರವೇಶದ ಊಟದಲ್ಲಿ ಯಾರೋ ಏನೋ ಅಂದು ಎಲ್ಲರೂ ನಕ್ಕರು. ನನ್ನ ಪಕ್ಕದ ಅಜ್ಜ ಸ್ವಲ್ಪ ತಡವಾಗಿ ನಕ್ಕರು. ನಾನು ಅವರ ಕಡೆ ಬಾಗಿ, ಯಾರು ಏನಂದರು ಎಂದು ಮೊದಲಿನಿಂದ ಬಿಡಿಸಿ ಹೇಳಿದೆ. ಅಜ್ಜ ಪೂರ್ತಿ ಕೇಳಿಸಿಕೊಂಡು ನನ್ನನ್ನೇ ನೋಡಿದರು.

'ಇಷ್ಟಕ್ಕ ನಕ್ಕರೇನು ಎಲ್ಲಾರೂ?' ಎಂದರು. 'ಇದರಾಗ ನಗೂದ ಏನದರೀ?'

ಆಮೇಲೆ ನಾವಿಬ್ಬರೂ ನಕ್ಕೆವು, ಪಂಕ್ತಿಯಲ್ಲಿ ಎಲ್ಲರಿಗಿಂತ ಜೋರಾಗಿ.