ನನ್ನ ಪಾನಾ, ಅವಳ ಹೆಲಿಕಾಪ್ಟರು

ಬನಹಟ್ಟಿಯಲ್ಲಿ ಯಾರ ಮಗ್ಗ ನಡುಗಿದರೂ ನನ್ನನ್ನು ಕರೆಯುತ್ತಿದ್ದರು. ವಿದ್ಯುತ್ ಮಗ್ಗ ರಿಪೇರಿ ಮಾಡುವವನಿಗೆ ನಮ್ಮ ಕಡೆ ಜಾಬರ್ ಅನ್ನುತ್ತಾರೆ. ನಾನು ಇಪ್ಪತ್ತೆರಡು ವರ್ಷ ಜಾಬರ್ ಆಗಿದ್ದವನು. ನನ್ನ ಪಾನಾ, ಅಂದರೆ ಸ್ಪ್ಯಾನರು, ತಿರುವಿದ ನಟ್ಟು ಮತ್ತೆ ಸಡಿಲಾಯಿತು ಅಂತ ಒಬ್ಬ ಮಾಲಕನೂ ದೂರಿದ್ದಿಲ್ಲ. ಮಗ್ಗಕ್ಕೆ ಬರುವ ರೋಗ ಸಡಿಲಾಗುವುದು, ಅದಕ್ಕೆ ಮದ್ದು ಬಿಗಿ ಮಾಡುವುದು, ಇಷ್ಟೇ ನನ್ನ ವಿದ್ಯೆ. ಇದನ್ನೇ ಎದೆ ಉಬ್ಬಿಸಿಕೊಂಡು ಹೇಳುತ್ತ ತಿರುಗುತ್ತಿದ್ದೆ. ಸಿಟ್ಟು ಬೇರೆ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ನನಗೆ ಎದುರಾಡುವವರು ಕಡಿಮೆ.

ಎದುರಾಡುವವರು ಇಬ್ಬರಿದ್ದರು, ಇಬ್ಬರೂ ನಮ್ಮ ಮನೆಯವರೇ. ಒಬ್ಬರು ನನ್ನ ವೈನಿ, ತೀರಿಕೊಂಡ ನಮ್ಮ ಅಣ್ಣನ ಹೆಂಡತಿ. ಊರೆಲ್ಲ ಕರೆಂಟಿನ ಮಗ್ಗಕ್ಕೆ ಹೋದರೂ ಆಕೆ ಮಾತ್ರ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಹಳೆಯ ಕೈಮಗ್ಗ ಬಿಟ್ಟಿರಲಿಲ್ಲ. ಇನ್ನೊಬ್ಬಳು ಆಕೆಯ ಮಗಳು. ಜಮಖಂಡಿಯಲ್ಲಿ ಡಿಪ್ಲೊಮಾ ಕೊನೆಯ ವರ್ಷ ಓದುತ್ತಿದ್ದಳು. ಬಾಗಲಕೋಟೆ ಜಿಲ್ಲೆಯಾಗಿ ಹನ್ನೆರಡು ವರ್ಷ ಆಗಿತ್ತೋ ಏನೋ, ಆಗಿನ ಮಾತಿದು.

ಆ ವರ್ಷ ಮುಧೋಳದ ಕಡೆಯಿಂದ ಅವಳಿಗೊಂದು ಗಂಡು ಬಂದಿತ್ತು. ಗಂಡಿನವರು ಬಹಳ ಅವಸರ ಮಾಡುತ್ತಿದ್ದರು. ಮನೆಯ ಹಿರಿಯ ಅಂತ ನಾನೇ ಪಂಚನಾಗಿ ಕೂತು ತೀರ್ಪು ಕೊಟ್ಟೆ.

“ಈ ವರ್ಷ ಪಾಸಾದಿ ಅಂದ್ರ ಬಾಗಲಕೋಟಿಗೆ ಹೋಗಿ ಇಂಜಿನಿಯರಿಂಗ್ ಓದು, ನಾ ತಡಿಯಂಗಿಲ್ಲ. ಒಂದರಾಗ ನಪಾಸಾದ್ರೂ ಸಾಲಿ ಮುಗೀತು. ಮದುವಿ.”

ವೈನಿ ತಲೆ ತಗ್ಗಿಸಿದರು. ಹುಡುಗಿ ಮಾತ್ರ ನನ್ನ ಮುಖ ನೋಡಿಕೊಂಡೇ “ಆತು ಕಾಕಾ” ಅಂದಳು.

ಅಷ್ಟು ಹೇಳಿದವಳು ಸುಮ್ಮನೆ ಸುಲಭದ ಪ್ರಾಜೆಕ್ಟು ಹಿಡಿಯಬೇಕೋ ಬೇಡವೋ? ರೇಡಿಯೊದಿಂದ ಹಾರಿಸುವ ಮೊಳ ಉದ್ದದ ಹೆಲಿಕಾಪ್ಟರು ಮಾಡುತ್ತೇನೆ, ಅದರ ಹೊಟ್ಟೆಗೆ ಸಣ್ಣ ಕ್ಯಾಮೆರಾ ಕಟ್ಟಿ, ಕಾಲುವೆಯ ನೀರು ಎಲ್ಲೆಲ್ಲಿ ಸೋರುತ್ತದೆ ಅಂತ ಮೇಲಿಂದ ಫೋಟೊ ತೆಗೆಯುತ್ತೇನೆ ಅಂತ ಹಟ ಹಿಡಿದಳು. ಸಾಮಾನು ಪುಣೆಯಿಂದ ಬಂತು.

“ಅಲ್ಲಬೇ, ಉಳಿದವರೆಲ್ಲಾ ಪಂಪ್ ಮಾಡಾಕತ್ತಾರ. ನಿನಗ್ಯಾಕ ಬೇಕಿತ್ತು ಈ ಉಸಾಬರಿ?” ಅಂದೆ.

“ಎಲ್ಲಾರೂ ಪಂಪ್ ಮಾಡಾಕತ್ತಾರಲ್ಲ ಕಾಕಾ, ಅದಕ್ಕ” ಅಂದಳು.

ಬೈದುಕೊಂಡೇ ನಾನೂ ಕೈ ಹಚ್ಚಿದೆ. ಅವಳು ಜೋಡಿಸುವುದು, ನಾನು ಬಿಗಿ ಮಾಡುವುದು. ತಲೆಯ ಮೇಲೆ ತಿರುಗುವ ಎರಡು ಉದ್ದನೆಯ ರೆಕ್ಕೆಗಳಿಗೆ ಬುಡದಲ್ಲಿ ಒಂದೊಂದು ಬೋಲ್ಟು. ಅವನ್ನಂತೂ ಉಸಿರು ಬಿಗಿಹಿಡಿದು ತಿರುವಿದೆ. ಮೊದಲ ದಿನ ಹಿತ್ತಲಲ್ಲಿ ಅದು ಮೇಲೆದ್ದಿತು, ನಾನು ಚಪ್ಪಾಳೆ ಹೊಡೆದೆ. ಆದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಫೋಟೊದಲ್ಲಿ ನಮ್ಮ ಮನೆಯ ಮಾಳಿಗೆ ಎರಡೆರಡು ಕಾಣುತ್ತಿತ್ತು. ಸ್ಪಷ್ಟವಾದ ಫೋಟೊ ಇಲ್ಲದಿದ್ದರೆ ಪ್ರಾಜೆಕ್ಟು ಪಾಸು ಮಾಡುವುದಿಲ್ಲ ಅಂತ ಅವಳ ಸರ್ ಮೊದಲೇ ಹೇಳಿಬಿಟ್ಟಿದ್ದರು. ಪರೀಕ್ಷೆಗೆ ಉಳಿದದ್ದು ಹದಿನೈದು ದಿನ.

ಆ ಹದಿನೈದು ದಿನ ಅವಳನ್ನು ನೋಡಬೇಕಿತ್ತು. ನಾನಾಗಿದ್ದರೆ ಎಲ್ಲ ಬಿಚ್ಚಿ ಬಾವಿಗೆ ಒಗೆಯುತ್ತಿದ್ದೆ, ಖರೆ ಹೇಳುತ್ತೇನೆ. ಅವಳು ಒಂದು ದಿನಕ್ಕೆ ಒಂದೇ ಸಂಶಯ ಹಿಡಿಯುತ್ತಿದ್ದಳು. ಅದು ತೀರಿದ ಮೇಲೆ ನೋಟ್ ಬುಕ್ಕಿನಲ್ಲಿ ಗೀಟು ಹೊಡೆದು ಮುಂದಿನದಕ್ಕೆ ಹೋಗುತ್ತಿದ್ದಳು. ಮೊದಲು ರೆಕ್ಕೆ ಎರಡನ್ನೂ ತೆಗೆದಿಟ್ಟು ಬರೀ ಮೋಟರ್ ಓಡಿಸಿದಳು. ನಡುಕ ನಿಂತಿತು. “ಕಾಕಾ, ಜಡ್ಡು ಹೊಟ್ಟ್ಯಾಗಿಲ್ಲ, ತಲ್ಯಾಗೈತಿ” ಅಂದಳು. ಆಮೇಲೆ ದಾರಕ್ಕೆ ಕಡ್ಡಿ ಕಟ್ಟಿ ತಕ್ಕಡಿ ಮಾಡಿ ರೆಕ್ಕೆಗಳನ್ನು ತೂಗಿದಳು. ಕೂದಲೆಳೆಯಷ್ಟು ಫರಕಿತ್ತು, ಹಗುರಾದ ರೆಕ್ಕೆಗೆ ಚೂರು ಟೇಪು ಅಂಟಿಸಿ ಸರಿ ಮಾಡಿದಳು. ಒಂದು ರೆಕ್ಕೆಯ ತುದಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಪಟ್ಟಿ ಹಚ್ಚಿ ತಿರುಗಿಸಿ, ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಒಂದೇ ಗೆರೆಯಲ್ಲಿ ತಿರುಗುತ್ತವೆಯೋ ನೋಡಿದಳು. ಒಂದೇ ಗೆರೆ. ರೆಕ್ಕೆ ತಿರುಗಿಸುವ ನಡುವಿನ ಸಲಾಕೆ ತೆಗೆದು ನಮ್ಮ ಮನೆಯ ಕನ್ನಡಿಯ ಮೇಲೆ ಉರುಳಿಸಿದಳು. ಅದೂ ನೆಟ್ಟಗಿತ್ತು.

ಹೀಗೆ ಪ್ರತಿ ಸಲ ಬಿಚ್ಚಿ ಜೋಡಿಸಿದ ಮೇಲೆ ನಾನು ಹೋಗಿ ಬೋಲ್ಟು ಬಿಗಿ ಮಾಡಿ ಬರುತ್ತಿದ್ದೆ. ಅದನ್ನು ಯಾರೂ ಸಂಶಯದ ಪಟ್ಟಿಗೆ ಹಾಕಲಿಲ್ಲ. ಕಾಕಾ ಬಿಗಿ ಮಾಡಿದ್ದು ತಪ್ಪಾಗುವುದಾದರೂ ಹೇಗೆ?

ಹನ್ನೆರಡನೆಯ ದಿನ ನನ್ನ ತಾಳ್ಮೆ ತೀರಿತು. “ಪುಣೆದವರು ಟೋಪಿ ಹಾಕ್ಯಾರ ತಗೋ! ಮಾಲೇ ಖೊಟ್ಟಿ!” ಅಂತ ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಹುಡುಗಿ ಅಳುವ ಹಾಗಾಗಿದ್ದಳು, ಆದರೂ ಅಳಲಿಲ್ಲ. ಪಡಸಾಲೆಯಲ್ಲಿ ರಾಟೆ ತಿರುವುತ್ತ ಕೂತಿದ್ದ ವೈನಿ ಎದ್ದು ಬಂದು, ನಿಂತಿದ್ದ ಹೆಲಿಕಾಪ್ಟರಿನ ಮುಂದೆ ಕೂತರು. ಒಂದು ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರು. ಅದು ಜಗ್ಗಲಿಲ್ಲ.

“ಇದನ್ಯಾಕ ಹಿಂಗ ಕಟ್ಟಿ ಹಾಕೀದಿ ತಮ್ಮಾ?”

“ಹಾರಿ ಹೋಗಬಾರದಂತ ವೈನಿ, ಮತ್ಯಾಕ!”

“ಒಂದ ರೆಕ್ಕಿ ನೆಟ್ಟಗೈತಿ, ಇನ್ನೊಂದ ತುಸು ಹಿಂದ ಉಳದೈತಿ ನೋಡು. ತಿರಗುವಾಗ ಮುಂದ ಬರಬೇಕಂದ್ರ ನೀ ಬಿಟ್ಟಿಲ್ಲ. ನನ್ನ ಮಗ್ಗದಾಗ ನೂಲು ಬಡಿಯೋ ಫಣಿ ಹಗ್ಗದ ಮ್ಯಾಲ ತೂಗತೈತಿ. ಅದನ್ನ ಬಿಗಿದ್ರ ಸೀರಿ ಡೊಂಕ ಬರತೈತಿ. ಬಿಟ್ರ ತನ್ನ ಜಾಗಾ ತಾನ ಹುಡುಕ್ಕೋತೈತಿ.”

“ವೈನಿ, ಇದು ನಿಮ್ಮ ಕುಣಿಮಗ್ಗ ಅಲ್ಲರೀ” ಅಂತ ನಾನು ನಕ್ಕೆ. ನಗುವುದಕ್ಕೆ ನಾನೊಬ್ಬನೇ ಇದ್ದೆ. ಹುಡುಗಿ ಕಣ್ಣರಳಿಸಿ ಅವ್ವನನ್ನೇ ನೋಡುತ್ತಿದ್ದಳು. “ಹೌದಬೇ ಅವ್ವ! ತಿರಗೂ ಜೋರಿಗೆ ರೆಕ್ಕಿ ತಾನ ಎಳಕೊಂಡು ನೆಟ್ಟಗಾಗಬೇಕು!” ಅಂದವಳೇ ಬೋಲ್ಟು ಸಡಿಲಿಸಿದಳು. ಹೆಲಿಕಾಪ್ಟರನ್ನು ಅಡ್ಡ ಹಿಡಿದಾಗ ರೆಕ್ಕೆ ತನ್ನಷ್ಟಕ್ಕೆ ನಿಲ್ಲಬೇಕು, ತುಸು ಜಾಡಿಸಿದರೆ ಇಳಿಯಬೇಕು, ಅಷ್ಟೇ ಬಿಗಿ ಇಟ್ಟಳು. ಅಷ್ಟು ಸಡಿಲು ನನ್ನ ಕಣ್ಣಿಗೆ ಹಿಡಿಸಲೇ ಇಲ್ಲ.

ಹಾರಿಸಿದಳು. ಎಪ್ಪಾ, ಏನು ಹೇಳಲಿ! ಮೇಲೆ ಹೋಗಿ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು. ಫೋಟೊದಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯ ತೊಟ್ಟು ಕೂಡ ಕಾಣುತ್ತಿತ್ತು. ಸಾಲಿಯ ಮೆಟ್ಟಿಲು ಹತ್ತದ ನಮ್ಮ ವೈನಿಯ ಕಾಲು ಹಿಡಿಯಬೇಕು ಅನ್ನಿಸಿತು. ಆಕೆ ಆಗಲೇ ಒಳಗೆ ಹೋಗಿ ರಾಟೆಯ ಮುಂದೆ ಕೂತಿದ್ದರು.

ಪರೀಕ್ಷೆಯ ದಿನ ಜಮಖಂಡಿಗೆ ನಾನೇ ಜೊತೆಗೆ ಹೋದೆ. ಬಸ್ಸಿನಲ್ಲಿ ಹೆಲಿಕಾಪ್ಟರ್ ನನ್ನ ತೊಡೆಯ ಮೇಲಿತ್ತು. ಹೊಂಡ ಬಂದಾಗೆಲ್ಲ ರೆಕ್ಕೆ ಆ ಕಡೆ ಈ ಕಡೆ ಜೋಲುತ್ತಿತ್ತು. ಹಾಗೆ ಜೋಲಿದಾಗೆಲ್ಲ ನನ್ನ ಜೀವವೂ ಜೋಲುತ್ತಿತ್ತು. ಇಪ್ಪತ್ತೆರಡು ವರ್ಷದ ಕೈ, ಕೇಳಬೇಕಲ್ಲ? ಕಾಲೇಜಿನ ಮೈದಾನದಲ್ಲಿ ಅವಳು ಹೆಸರು ಬರೆಸಲು ಹೋದಾಗ ನಾನು ಕಿಸೆಯಿಂದ ಸಣ್ಣ ಪಾನಾ ತೆಗೆದೆ. ಎಲ್ಲರೆದುರು ರೆಕ್ಕೆ ಕಿತ್ತು ಹೋದರೆ ಹುಡುಗಿಯ ಗತಿ ಏನು ಅಂತ ಎರಡೂ ಬೋಲ್ಟಿಗೆ ಅರ್ಧರ್ಧ ಸುತ್ತು ಕೊಟ್ಟೆ. ಪುಣ್ಯದ ಕೆಲಸ ಮಾಡಿದಷ್ಟು ಸಮಾಧಾನವಾಯಿತು.

ಹೊರಗಿನಿಂದ ಬಂದ ಪರೀಕ್ಷಕರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೆಲಿಕಾಪ್ಟರ್ ಎದ್ದಿತು. ಎದ್ದ ಕೂಡಲೇ ಗಡಗಡ ನಡುಗಿತು.

“ಇದೇನವಾ, ಹಿಂಗ ಅಲಗಾಡಾಕತ್ತೈತಿ? ಇದರಾಗ ಏನ ಫೋಟೊ ಬರತೈತಿ?” ಅಂತ ಪರೀಕ್ಷಕರು ಮುಖ ಸಿಂಡರಿಸಿದರು.

ಅವಳು ತಕ್ಷಣ ಇಳಿಸಿದಳು. ರೆಕ್ಕೆ ನಿಂತ ಮೇಲೆ ಹೋಗಿ ಬೆರಳಿನಿಂದ ತಳ್ಳಿದಳು. ಅದು ಜಗ್ಗಲಿಲ್ಲ. ತಲೆ ಎತ್ತಿ ನನ್ನ ಕಡೆ ನೋಡಿದಳು. ಪಾನಾ ಇನ್ನೂ ನನ್ನ ಕೈಯಲ್ಲೇ ಇತ್ತು. ನಪಾಸಾದರೆ ಮದುವೆ ಅಂದವನು ನಾನು. ಅವಳು ಏನು ತಿಳಿದುಕೊಂಡಿರಬೇಕು ಅಂತ ಆಗ ಹೊಳೆದು, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಂದೇ ತಪ್ಪು ಅಂತ ಮುಂದೆ ಹೋಗಿ ಹೇಳಬೇಕಿತ್ತು. ಊರಿಗೆಲ್ಲ ಬಾಯಿ ಮಾಡುವ ನಾನು ಅಲ್ಲಿ ಮೂಕನಾದೆ.

“ನಂದ ತಪ್ಪ ರೀ ಸರ್. ಬೋಲ್ಟ್ ನೋಡಲಾರದ ಹಾರಿಸಿದೆ” ಅಂದಳು ಅವಳು.

“ಪರೀಕ್ಷಾ ದಿವಸ ಇಷ್ಟೂ ನೋಡ್ಕೋಬಾರದೇನು?” ಅಂದು ಅವರು ಕಾಗದದ ಮೇಲೆ ಏನೋ ಬರೆದರು.

ಅವಳು ಬೋಲ್ಟು ಸಡಿಲಿಸಿ ಇನ್ನೊಮ್ಮೆ ಹಾರಿಸಿದಳು. ಈ ಸಲ ಅಲುಗದೆ ನಿಂತಿತು. ಫೋಟೊನೂ ಛಲೋ ಬಂತು. ಆದರೆ ಪರೀಕ್ಷಕರು ಬರೆದದ್ದನ್ನು ಹೊಡೆದು ಹಾಕಿದ್ದು ನಾನು ನೋಡಲಿಲ್ಲ.

ತಿರುಗಿ ಬರುವಾಗ ಬಸ್ಸು ಬನಹಟ್ಟಿಯ ಹತ್ತಿರ ಬಂದಿತ್ತು. ಆಗ ಕಿಟಕಿಯ ಕಡೆ ನೋಡಿಕೊಂಡು, “ಮಗಳ, ನಾ ಬೇಕಂತ ಮಾಡಿಲ್ಲ” ಅಂದೆ.

“ಗೊತ್ತೈತಿ ಕಾಕಾ” ಅಂದಳು. “ಕೆಡಸಬೇಕನ್ನಾಂವ ಸಡ್ಲ ಮಾಡತಿದ್ದ.”

ಬಸ್ಸು ತುಂಬ ಜನ. ಟವೆಲಿನಿಂದ ಮುಖ ಒರೆಸಿಕೊಂಡೆ.

ಮರುದಿನ ಮೊದಲನೆಯ ಬಸ್ಸಿಗೆ ಮುಧೋಳಕ್ಕೆ ಹೋಗಿ, ನಮ್ಮ ಹುಡುಗಿ ಇನ್ನೂ ಓದುತ್ತಾಳೆ, ನೀವು ಬೇರೆ ಕಡೆ ನೋಡಿಕೊಳ್ಳಿರಿ ಅಂತ ಗಂಡಿನವರಿಗೆ ಕೈ ಮುಗಿದು ಹೇಳಿ ಬಂದೆ. ರಿಸಲ್ಟ್ ಬರುವುದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು.